ಆರು ಫೋಟೊಗಳನ್ನು ಒಂದು ಪಿಡಿಎಫ್ ಮಾಡಲು ಹೋಗಿ

ನನಗೆ ಬೇಕಿದ್ದದ್ದು ಇಷ್ಟೇ: ಫೋನಿನಲ್ಲಿ ತೆಗೆದ ಆರು ಕಾಗದಗಳ ಫೋಟೊಗಳನ್ನು ಸೇರಿಸಿ ಒಂದು ಪಿಡಿಎಫ್ ಮಾಡುವುದು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಜಾಹೀರಾತು ಎಂಬುದನ್ನೂ ಗಮನಿಸದೆ ಒತ್ತಿದೆ. ಉಚಿತ ತಂತ್ರಾಂಶವೊಂದು ಇಳಿಯಿತು. ‘ನೆಕ್ಸ್ಟ್’, ‘ನೆಕ್ಸ್ಟ್’, ‘ಐ ಅಗ್ರಿ’ ಎಂದು ಒತ್ತುತ್ತಾ ಹೋದೆ. ನಡುವೆ ಒಂದು ಪರದೆಯಲ್ಲಿ ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳ ಪಕ್ಕ ಮೊದಲೇ ಗುರುತು ಹಾಕಿಟ್ಟ ಎರಡು ಚೌಕಗಳಿದ್ದವು. ಅಲ್ಲಿ ಏನು ಬರೆದಿತ್ತು ಎಂಬುದು ನೆನಪಿಲ್ಲ, ಏಕೆಂದರೆ ಓದಿರಲೇ ಇಲ್ಲ.

ಪಿಡಿಎಫ್ ಆಯಿತು, ಅದರಲ್ಲಿ ಮೋಸವಿಲ್ಲ. ಮರುದಿನ ಬ್ರೌಸರ್ ತೆರೆದರೆ ಮುಖಪುಟ ಬೇರೆ, ಹುಡುಕಾಟ ಹೋಗುತ್ತಿದ್ದದ್ದು ಹೆಸರೇ ಕೇಳದ ತಾಣಕ್ಕೆ. ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಚೀಟಿಗಳು ಒಂದರ ಮೇಲೊಂದು. ‘ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದ ಯಾವುದೋ ಪುಟದಲ್ಲಿ ನಾನೇ ನೋಟಿಫಿಕೇಷನ್‌ಗೆ ಅನುಮತಿ ಕೊಟ್ಟಿದ್ದೆ. ರೋಬೋ ಅಲ್ಲ ಎಂದು ಸಾಬೀತಾಯಿತು, ಪೆದ್ದ ಎಂದೂ.

ಇಲ್ಲಿಯವರೆಗಿನದು ಕಿರಿಕಿರಿ ಮಾತ್ರ. ನಾನು ಮಾಡಿದ ನಿಜವಾದ ತಪ್ಪು, ಮೂರು ವಾರ ಆ ಚೀಟಿಗಳನ್ನು ನೊಣ ಓಡಿಸಿದಂತೆ ಓಡಿಸುತ್ತಾ ಕೆಲಸ ಮುಂದುವರಿಸಿದ್ದು. ಬರೀ ಜಾಹೀರಾತು ತಾನೆ ಎಂಬ ಉಡಾಫೆ. ಬೇಡದ ಜಾಹೀರಾತು ತೋರಿಸುವ ಆ್ಯಡ್‌ವೇರ್‌ಗೆ ಗದ್ದಲದಿಂದಲೇ ಸಂಪಾದನೆ, ಆದ್ದರಿಂದ ಅದು ಕಣ್ಣಿಗೆ ಬೀಳುತ್ತದೆ. ಗುಟ್ಟಾಗಿ ನಮ್ಮ ಮಾಹಿತಿ ಕದಿಯುವ ಸ್ಪೈವೇರ್‌ಗೆ ಮೌನವೇ ಬಂಡವಾಳ. ಎರಡೂ ಒಂದೇ ಚೀಲದಲ್ಲಿ ಬರಬಹುದು, ಏಕೆಂದರೆ ಉಚಿತ ತಂತ್ರಾಂಶಗಳ ಜೊತೆ ಇತರರ ಸರಕನ್ನು ಕಟ್ಟಿ ಕಳುಹಿಸಿ, ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಹಣ ಪಡೆಯುವ ದಂಧೆಯೇ ಇದೆ. ಜಾಹೀರಾತಿನದು ಎಂದುಕೊಂಡದ್ದೂ ನಿರಪಾಯಕಾರಿಯಲ್ಲ. 2015ರಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಕಳುಹಿಸಿದ್ದ ಸೂಪರ್‌ಫಿಶ್ ಎಂಬ ಆ್ಯಡ್‌ವೇರ್ ಪತ್ತೆಯಾಯಿತು. ಪುಟಗಳಲ್ಲಿ ಜಾಹೀರಾತು ತೂರಿಸಲು ಅದು ತನ್ನದೇ ರೂಟ್ ಸರ್ಟಿಫಿಕೇಟ್ (ಯಾವ ತಾಣ ಅಸಲಿ ಎಂದು ಕಂಪ್ಯೂಟರ್ ನಂಬಲು ಆಧಾರವಾದ ಡಿಜಿಟಲ್ ಪ್ರಮಾಣಪತ್ರ) ಕೂರಿಸಿಕೊಂಡು, ಬೀಗದ ಗುರುತಿರುವ ಸುರಕ್ಷಿತ ಸಂಪರ್ಕದ ನಡುವೆಯೇ ಕೈ ಹಾಕುತ್ತಿತ್ತು.

ನಾಲ್ಕನೆಯ ವಾರ ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಹೆಸರಿನಿಂದ ಪರಿಚಯದವರಿಗೆಲ್ಲ ಲಿಂಕ್‌ಗಳು ಹೋಗಿದ್ದವು. ಗಾಬರಿಯಲ್ಲಿ ತಕ್ಷಣ ಪಾಸ್‌ವರ್ಡ್ ಬದಲಿಸಿದೆ, ಅದೂ ಅದೇ ಕಂಪ್ಯೂಟರಿನಲ್ಲಿ ಕೂತು. ಬೀಗ ಬದಲಿಸಿ ಹೊಸ ಕೀಲಿಕೈಯನ್ನು ಕಳ್ಳನ ಕೈಗೇ ಕೊಟ್ಟಂತಾಯಿತು. ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ನೀವೂ ಇಂಥ ಸ್ಥಿತಿಯಲ್ಲಿದ್ದರೆ ದಯವಿಟ್ಟು ಬೇರೆ ಯಂತ್ರದಿಂದ ಬದಲಿಸಿ. ಅಷ್ಟೂ ಸಾಲದು. ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಕುಕಿ, ಅಂದರೆ ನೀವು ಆಗಲೇ ಒಳಗೆ ಬಂದವರೆಂದು ತಾಣಕ್ಕೆ ತೋರಿಸುವ ಸಣ್ಣ ಗುರುತುಚೀಟಿ, ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಾಗಾಗಿ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಲೇಬೇಕು. ಮೇಲ್‌ನ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ (ಬಂದ ಮೇಲ್‌ಗಳ ನಕಲು ಬೇರೆ ವಿಳಾಸಕ್ಕೆ ಹೋಗುವ ಏರ್ಪಾಡು) ಕೂಡ ನೋಡಿ. ನನ್ನದರಲ್ಲಿ ಗುರುತಿಲ್ಲದ ವಿಳಾಸವೊಂದು ಸದ್ದಿಲ್ಲದೆ ಕುಳಿತಿತ್ತು.

ಶುಚಿಗೊಳಿಸುವ ಕೆಲಸ ಒಂದು ವಾರಾಂತ್ಯವನ್ನು ನುಂಗಿತು. ಬ್ರೌಸರಿನಲ್ಲಿ ನಾನು ಹಾಕದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಅಂಟಿಕೊಳ್ಳುವ ಪುಟ್ಟ ತಂತ್ರಾಂಶ) ಒಂದಿತ್ತು, ಅದಕ್ಕೆ ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ದತ್ತಾಂಶವನ್ನು ಓದುವ ಮತ್ತು ಬದಲಿಸುವ’ ಅನುಮತಿ. ಅಂದರೆ ನಾನು ಪುಟದಲ್ಲಿ ಟೈಪಿಸಿದ್ದೆಲ್ಲವನ್ನೂ ಅದು ಓದಬಲ್ಲದು. ತೆಗೆಯಲು ಹೋದರೆ ಗುಂಡಿಯೇ ಇಲ್ಲ. ಮೆನುವಿನ ಕೆಳಗೆ ‘ಈ ಬ್ರೌಸರ್ ಅನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು. ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ? ಕಚೇರಿಗಳಿಗೆಂದು ಇರುವ ಬೀಗವನ್ನು ಆ ತಂತ್ರಾಂಶ ತನ್ನನ್ನು ತೆಗೆಯದಂತೆ ಹಾಕಿಕೊಂಡಿತ್ತು. ಆ ಸಾಲು ಸ್ವಂತ ಯಂತ್ರದಲ್ಲಿ ಕಂಡರೆ ಒಮ್ಮೆ ನಿಂತು ಯೋಚಿಸಿ. ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ನೋಡಿದರೆ, ಪ್ರತಿ ಲಾಗಿನ್‌ನಲ್ಲೂ ಆ ಎಕ್ಸ್‌ಟೆನ್ಷನ್ ಅನ್ನು ಮರಳಿ ಕೂರಿಸುವ ಏರ್ಪಾಡಿತ್ತು. ಬ್ರೌಸರಿನ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ, ‘ಟಾರ್ಗೆಟ್’ ಸಾಲಿನ ಬಾಲಕ್ಕೆ ಅದೇ ಪರಕೀಯ ತಾಣದ ವಿಳಾಸ ಅಂಟಿಸಿದ್ದರು. ಮುಖಪುಟವನ್ನು ಎಷ್ಟು ಸಲ ಸರಿಪಡಿಸಿದರೂ ಅದು ತಿರುಗಿ ಬರುತ್ತಿದ್ದ ಗುಟ್ಟು ಅಲ್ಲಿತ್ತು.

ವಿಂಡೋಸ್ ಜೊತೆಗೇ ಬರುವ ವೈರಸ್ ತಡೆ ತಂತ್ರಾಂಶ ಡಿಫೆಂಡರ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಇದೆ. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿ ಕೂತವೂ ಸಿಗುತ್ತವೆ. ಕೆಲವು ಸಿಕ್ಕವು. ಆದರೂ ನಂಬಿಕೆ ಬರಲಿಲ್ಲ. ಬೇಕಾದ ಕಡತಗಳನ್ನಷ್ಟೇ ಬೇರೆಡೆ ತೆಗೆದಿಟ್ಟು ವಿಂಡೋಸ್ ಅನ್ನು ಹೊಸದಾಗಿ ಹಾಕಿದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಅಡಿಯಲ್ಲಿ ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯುವ ಆಯ್ಕೆಯಿದೆ. ನನ್ನದರಲ್ಲಿ ಅದು ಆಫ್ ಆಗಿಯೇ ಇತ್ತು, ಈಗ ಆನ್ ಆಗಿದೆ. ಇನ್‌ಸ್ಟಾಲ್ ಮಾಡುವಾಗ ‘ಕಸ್ಟಮ್’ ಆರಿಸಿ ಚೌಕಗಳನ್ನು ಒಂದೊಂದಾಗಿ ಓದುತ್ತೇನೆ.

ಹೊಸ ವಿಂಡೋಸ್‌ನಲ್ಲಿ ಮೊದಲು ಮಾಡಿದ ಕೆಲಸವೂ ಅದೇ ಆರು ಫೋಟೊಗಳದ್ದು. ಆರನ್ನೂ ಒಟ್ಟಿಗೆ ಆಯ್ದು, ಮೌಸಿನ ಬಲಗುಂಡಿ ಒತ್ತಿ ‘ಪ್ರಿಂಟ್’ ಎಂದು ಕೊಟ್ಟು, ಪ್ರಿಂಟರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದೆ. ಅರ್ಧ ನಿಮಿಷ ಹಿಡಿಯಿತು. ವಿಂಡೋಸ್ 10ರಿಂದಲೂ ಅದು ಒಳಗೇ ಇದೆಯಂತೆ.