ಮ್ಯಾಗ್ನೆಟ್ರಾನ್ ಹೋಗಿದೆ ಅಂದ ಕೂಡಲೇ ನಂಬಬೇಡಿ

ಬೋಟಿನವರೇ, ರಾಡಾರ್ ರಿಪೇರಿಗೆ ಜನ ಕರೆಸುವ ಮುಂಚೆ ಇದನ್ನೊಮ್ಮೆ ಓದಿ. ಮ್ಯಾಗ್ನೆಟ್ರಾನ್ ಅಂದರೆ ರಾಡಾರ್ ಹೊರಗೆ ಬಿಡುವ ಅಲೆಯನ್ನು ಹುಟ್ಟಿಸುವ ಪಾರ್ಟ್. ನನ್ನ 38,000 ರೂಪಾಯಿ ಹೋಯಿತು. ಹಣಕ್ಕಿಂತ ಜಾಸ್ತಿ ಮಾನ ಹೋಯಿತು. ಅಂಗಡಿಯ ಹೆಸರು ಹಾಕುವುದಿಲ್ಲ. ಮಲ್ಪೆಯಲ್ಲಿ ನಾಳೆಯೂ ಮುಖ ನೋಡಬೇಕಲ್ಲ.

ನಮ್ಮದು ಆಳಸಮುದ್ರದ ಟ್ರಾಲ್ ಬೋಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ, ಎಲ್ಲ ರಿಪೇರಿಯೂ ಆಗಲೇ. ಈ ಸಲ ಕೊನೆಯ ವಾರದಲ್ಲಿ ರಾಡಾರ್ ಹಾಕಿ ನೋಡಿದರೆ ಕಾಟ ಶುರು. ಸ್ಕ್ರೀನ್ ಬರುತ್ತದೆ. 90 ಸೆಕೆಂಡ್ ಎಣಿಸುತ್ತದೆ. ಸ್ಟ್ಯಾಂಡ್‌ಬೈಗೆ ಬಂದು ನಿಲ್ಲುತ್ತದೆ. ಟ್ರಾನ್ಸ್‌ಮಿಟ್ ಒತ್ತಿದರೆ ಮೇಲೆ ಆಂಟೆನಾ ಎರಡು ಸುತ್ತು ತಿರುಗಿ, ಪಟಕ್ಕನೆ ಇಡೀ ಸೆಟ್ಟೇ ಆಫ್! ಮತ್ತೆ ಹಾಕಿದರೆ ಮತ್ತೆ ಅದೇ.

ಸೆಟ್ಟೇ ಆಫ್. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮಂಗ ಆದದ್ದು ಇಲ್ಲೇ.

ರಿಪೇರಿಯವನು ಬಂದ. ಮೀಟರ್ ಹೊರಗೆ ತೆಗೆಯಲಿಲ್ಲ. ಬ್ಯಾಟರಿ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸಲ ಆನ್ ಮಾಡಿದ, ಆಫ್ ಆಯಿತು. "ಅಣ್ಣ, ಮ್ಯಾಗ್ನೆಟ್ರಾನ್ ಹೋಗಿದೆ. ಒಂದೇ ಪೀಸ್ ಉಂಟು, ಬೇರೆ ಬೋಟಿನವರೂ ಕೇಳ್ತಿದ್ದಾರೆ." ಈ ಮಾತು ನಾವು ಎಷ್ಟು ಸಲ ಕೇಳಿಲ್ಲ? ಆದರೂ ಬಿದ್ದೆ. ಒಂದನೇ ತಾರೀಕು ಹತ್ತಿರ ಬಂದಿತ್ತು, ಐಸ್ ಹೇಳಿ ಆಗಿತ್ತು, ಏನು ಮಾಡುವುದು?

ಮರುದಿನ ಬ್ಯಾಗಿನಿಂದ ಸಾಮಾನು ತೆಗೆದ. ಬಾಕ್ಸ್ ಇಲ್ಲ, ಹಳೇ ಪೇಪರಲ್ಲಿ ಸುತ್ತಿತ್ತು. ಕಟಿಂಗ್ ಪ್ಲೇಯರ್ ಅದಕ್ಕೆ ಟಕ್ಕನೆ ಅಂಟಿಕೊಂಡು ಒಟ್ಟಿಗೇ ಮೇಲೆ ಬಂತು. "ನೋಡಿ ಅಣ್ಣ, ಪವರ್ ಹೇಗುಂಟು!" ಅಂದ. ನಾನೂ ಹಲ್ಲು ಕಿರಿದು ಫೋಟೋ ತೆಗೆದು ಬೋಟಿನವರ ಗ್ರೂಪಿಗೆ ಹಾಕಿದೆ. ಒಳ್ಳೆ ಕೆಲಸದವನು ಅಂತ ಬರೆದೂ ಬಿಟ್ಟೆ! ಮ್ಯಾಗ್ನೆಟ್ರಾನಿಗೆ ಕಬ್ಬಿಣದ ಟೂಲ್ ತಾಗಿಸಲೇಬಾರದು, ಅದರ ಅಯಸ್ಕಾಂತದ ಶಕ್ತಿ ಕುಂದುತ್ತದೆ ಅಂತ ಗೊತ್ತಾಗಿದ್ದು ಆಮೇಲೆ.

ಹಾಕಿ ಮುಗಿಸಿ, "ಎಂಜಿನ್ ಸ್ಟಾರ್ಟ್ ಮಾಡಿಸಿ ಅಣ್ಣ" ಅಂದ. ಮಾಡಿಸಿದೆ. ರಾಡಾರ್ ಓಡಿತು. ಸೇಂಟ್ ಮೇರಿಸ್ ದ್ವೀಪ ಸ್ಕ್ರೀನಲ್ಲಿ ಚೆಂದಕ್ಕೆ ಕಂಡಿತು. ಹಣ ಎಣಿಸಿ ಕೊಟ್ಟೆ. ಹಳೆಯದು ಎಲ್ಲಿ ಅಂದರೆ, "ಅದು ಡೆಡ್ ಅಣ್ಣ, ಎಂತಕ್ಕೆ ನಿಮಗೆ?"

ಬೋಟು ಕಡಲಿಗೆ ಹೋದ ಮೂರನೇ ರಾತ್ರಿ. ಬಲೆ ಎತ್ತಿ, ಎಂಜಿನ್ ಬಂದ್ ಮಾಡಿ ನಿಂತಿದ್ದಾರೆ. ಜೋರು ಮಳೆ, ಡೆಕ್ಕಿನ ಲೈಟೆಲ್ಲ ಉರಿಯುತ್ತಿದೆ. ರಾಡಾರ್ ಪಟಕ್ಕನೆ ಆಫ್. ದೊಡ್ಡ ಹಡಗು ಓಡಾಡುವ ಜಾಗ ಅದು. ಬೆಳಗಿನವರೆಗೆ ಕಲಾಸಿಗಳು ಸರದಿ ಮೇಲೆ ಮಳೆಯಲ್ಲಿ ನಿಂತು ಕತ್ತಲೆ ಕಾದಿದ್ದಾರೆ. ದಡಕ್ಕೆ ಬಂದ ಮೇಲೆ ಬೋಟು ನಡೆಸುವ ತಾಂಡೇಲರು ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ರಿಪೇರಿಯವನಿಗೆ ಫೋನ್ ಮಾಡಿದರೆ ಮೊದಲು, "ಮಳೆಗೆ ಹಾಗಾಗ್ತದೆ ಅಣ್ಣ." ಆಮೇಲೆ, "ಎಲೆಕ್ಟ್ರಾನಿಕ್ ಐಟಂಗೆ ಗ್ಯಾರಂಟಿ ಇಲ್ಲ, ಹೇಳಿದ್ದೆನಲ್ಲ." ಹೇಳಿರಲಿಲ್ಲ! ಕಡೆಗೆ ವಾಟ್ಸಾಪಲ್ಲಿ, "ನಿಮ್ಮ ಬೋಟಿನ ವೈರಿಂಗ್ ಸರಿ ಇಲ್ಲದಿದ್ದರೆ ನಾನು ಜವಾಬ್ದಾರಿ ಅಲ್ಲ." ಅಂದರೆ ವೈರಿಂಗ್ ಅಂತ ಅವನಿಗೆ ಮೊದಲೇ ಗೊತ್ತಿತ್ತು ಅಲ್ವಾ? ಅದನ್ನೇ ಕೇಳಿದೆ. ಎರಡು ನೀಲಿ ಟಿಕ್, ಉತ್ತರ ಇಲ್ಲ.

ಪಕ್ಕದ ಬೋಟಿಗೆ ಲೈಟ್ ಹಾಕಲು ಬಂದಿದ್ದ ಹುಡುಗ ಹತ್ತು ನಿಮಿಷದಲ್ಲಿ ಹಿಡಿದ. ಬ್ಯಾಟರಿಯಲ್ಲಿ 12.4 ವೋಲ್ಟ್. ಟ್ರಾನ್ಸ್‌ಮಿಟ್ ಒತ್ತಿದಾಗ ರಾಡಾರಿನ ಹಿಂದೆ 9.6 ಮಾತ್ರ, ಸೆಟ್ಟಿಗೆ ಸಾಲದು. ಕ್ಯಾಬಿನ್ನಿನ ಬೆಂಚಿನ ಅಡಿಯಲ್ಲಿ ಒಂದು ಜಾಯಿಂಟ್. ಕಪ್ಪು ಟೇಪ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಮೂರು ನಾಲ್ಕು ಎಳೆ ತಾಮ್ರ ಮಾತ್ರ ಉಳಿದಿದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ವೋಲ್ಟೇಜ್ ಏರಿಸುತ್ತದೆ, ಆ ಜಾಯಿಂಟಲ್ಲಿ ಅಷ್ಟು ಬಿದ್ದುಹೋದರೂ ಸೆಟ್ಟಿಗೆ ಸಾಕಾಗುತ್ತದೆ. ಅದಕ್ಕೇ ಅವನು ಎಂಜಿನ್ ಸ್ಟಾರ್ಟ್ ಮಾಡಿಸಿದ್ದು! ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದ್ದೆ.

"ಮ್ಯಾಗ್ನೆಟ್ರಾನ್ ಹೋದರೆ ಸೆಟ್ ಯಾಕೆ ಆಫ್ ಆಗ್ತದೆ ಅಣ್ಣ? ಸ್ಕ್ರೀನ್ ಇರ್ತದೆ, ಗೆರೆ ತಿರುಗ್ತದೆ, ಹಡಗು ದ್ವೀಪ ಕಾಣುವುದಿಲ್ಲ ಅಷ್ಟೆ" ಅಂದ ಹುಡುಗ. ಹೊಸ ವೈರು ಎಳೆದ. ವೈರು ಸೇರಿ 650 ರೂಪಾಯಿ.

ಎಂಜಿನ್ ಬಂದ್ ಮಾಡಿ, ಲೈಟೆಲ್ಲ ಹಾಕಿ ಟೆಸ್ಟ್ ಮಾಡಿಸಿ. ಟ್ರಾನ್ಸ್‌ಮಿಟ್ ಒತ್ತಿ ಸೆಟ್ಟಿನ ಹಿಂದೆ ವೋಲ್ಟೇಜ್ ನೋಡದೆ ಪಾರ್ಟ್ ಹೆಸರು ಹೇಳುವವನನ್ನು ಅಲ್ಲಿಂದಲೇ ಕಳಿಸಿ. ಹಳೇ ಪಾರ್ಟ್ ಕೈಗೆ ಬಂದ ಮೇಲೆ ಹಣ. ಹಾಗಂತ ಸಿಟ್ಟಿನಲ್ಲಿ ಆಂಟೆನಾ ಡಬ್ಬ ನೀವೇ ಬಿಚ್ಚಲು ಹೋಗಬೇಡಿ, ಒಳಗೆ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ.

ಆ ಫೋಟೋ ಗ್ರೂಪಿನಿಂದ ತೆಗೆಯಲು ಹೋದೆ, ಟೈಮ್ ಮೀರಿತ್ತು. ಅದನ್ನು ನೋಡಿ ಗಂಗೊಳ್ಳಿಯ ಒಬ್ಬರು ಅವನ ನಂಬರ್ ಕೇಳಿದ್ದರು, ನಾನೇ ಕೊಟ್ಟಿದ್ದೆ. ಈಗ ಅವರು ನನ್ನ ಫೋನ್ ಎತ್ತುತ್ತಿಲ್ಲ.