ಕ್ರೌನ್ ಆಫ್ ಥಾರ್ನ್ಸ್ ಕುಂಡ ಬದಲಿಸುತ್ತೀರಾ? ಕಣ್ಣು ಜೋಪಾನ

ಮೈತುಂಬ ಮುಳ್ಳು, ತುದಿಯಲ್ಲಿ ಕೆಂಪನೆಯ ಪುಟ್ಟ ಹೂವು. ಕಲಬುರಗಿಯ ಬಿಸಿಲಿಗೂ ಜಗ್ಗದೆ ಹೂ ಬಿಡುತ್ತದೆ ಅಂತ ನಮ್ಮ ಓಣಿಯ ಎಷ್ಟೋ ಮಾಳಿಗೆಗಳ ಮೇಲೆ ಈ ಗಿಡ ಇದೆ. ಮುಳ್ಳಿಗೆ ಎಲ್ಲರೂ ಹುಷಾರಾಗಿರುತ್ತಾರೆ ಬಿಡಿ. ಕಷ್ಟ ಕೊಡೋದು ಅದರ ಹಾಲು.

ನಮ್ಮ ಗಿಡದ ಬೇರು ತುಂಬಿ ಕುಂಡವೇ ಬಿರುಕು ಬಿಟ್ಟಿತ್ತು. ಮಾರಿದ ನರ್ಸರಿಯವನೇ ದುಡ್ಡು ತಗೊಂಡು ಬದಲಿಸಲು ಬಂದ. ಗಿಡಕ್ಕೆ ಗೋಣಿಚೀಲ ಸುತ್ತಿ, ನನಗೆ ಬಟ್ಟೆಯ ಗ್ಲೌಸ್ ಕೊಟ್ಟು, ಗಟ್ಟಿಯಾಗಿ ಹಿಡಿಯಲು ಹೇಳಿದ. ಕುಂಡದ ತುಂಬ ಬರೀ ಎರೆಮಣ್ಣು, ಒಣಗಿ ಕಲ್ಲಾಗಿತ್ತು. ಬೇರು ಬಿಡದಿದ್ದಾಗ ಜಗ್ಗಿದ. ಟೊಂಗೆ ಮುರಿದವು. ಮುರಿದಲ್ಲಿಂದ ಬಿಳಿ ಹಾಲು ತೊಟ್ಟಿಕ್ಕಿ ಗೋಣಿಗೆ ಇಳಿಯಿತು, ಗೋಣಿಯಿಂದ ನನ್ನ ಗ್ಲೌಸಿಗೆ.

"ಇದು ಹತ್ತಿದ್ರ ಏನಾರ ಆಗ್ತದೇನು?" ಅಂತ ಕೇಳಿದೆ.

"ಏನೂ ಆಗಂಗಿಲ್ರೀ ಅಕ್ಕೋರೆ, ಬರೇ ಕ್ಯಾಕ್ಟಸ್ ಅದ."

ಮಾರ್ಚ್ ಕೊನೆಯ ಬಿಸಿಲು. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮಣಿಕಟ್ಟಿನಿಂದ ಒರೆಸಿಕೊಂಡೆ, ಅಷ್ಟೇ. ಬೆವರಿನ ಉರಿ ಇರಬೇಕು ಅನ್ನಿಸಿತು. ಮುಖ ತೊಳೆದ ಮೇಲೆ ಕಡಿಮೆಯೂ ಆಯಿತು. ಈ ಹಾಲಿನ ಮೋಸವೇ ಅದು, ಜೋರು ತೋರಿಸೋದು ತಡವಾಗಿ. ಸಂಜೆ ಹೊತ್ತಿಗೆ ರೆಪ್ಪೆ ಊದಿತು, ಕಣ್ಣೊಳಗೆ ಮರಳು ಹಾಕಿ ತಿಕ್ಕಿದಂಗೆ ನೋವು. ಟ್ಯೂಬ್‌ಲೈಟಿನ ಕಡೆಗೂ ನೋಡಲು ಆಗಲಿಲ್ಲ.

ಪಕ್ಕದ ಮನೆ ಕಾಕು ಹರಳೆಣ್ಣೆ ಬಿಡು ಅಂದರು. ಮೆಡಿಕಲ್ ಶಾಪಿನವನು ಕೇಳಿದ್ದೇ ತಡ ಒಂದು ಡ್ರಾಪ್ಸ್ ಕೊಟ್ಟ. ನಮ್ಮ ಮನೆಯವರು ಎರಡನ್ನೂ ಹಾಕಲು ಬಿಡಲಿಲ್ಲ. ಕಣ್ಣಿನ ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗದ, ಮೇಲ್ಪದರ ಗಾಯವಾಗಿತ್ತು. ಡ್ರಾಪ್ಸ್ ತೋರಿಸಿದರೆ ಅದು ಸ್ಟೀರಾಯ್ಡ್! ಪರೀಕ್ಷೆ ಮಾಡದೆ ಹಾಕಿದರೆ, ಸೋಂಕಿದ್ದಲ್ಲಿ ಇನ್ನೂ ಜಾಸ್ತಿ ಆಗುತ್ತದಂತೆ. ಔಷಧಿಗೆ ಕಣ್ಣು ವಾಸಿಯಾಯಿತು, ಪುಣ್ಯ.

ಇದು ಕ್ಯಾಕ್ಟಸ್ ಅಲ್ಲವೇ ಅಲ್ಲ. ಯುಫೋರ್ಬಿಯಾ ಮಿಲಿ, ಮಡಗಾಸ್ಕರ್ ಕಡೆಯದು. ಹೊಲದ ಬೇಲಿಗೆ ಹಚ್ಚುವ ಹಾಲುಗಳ್ಳಿಯ ಬಳಗ. ಕಳ್ಳಿ ಹಾಲು ಕಣ್ಣಿಗೆ ಕೇಡು ಅಂತ ಆಳಂದ ಕಡೆಯ ನಮ್ಮ ಅತ್ತೆಗೆ ಚೆನ್ನಾಗಿ ಗೊತ್ತು. ಆದರೆ ಈ ಹೂವಿನ ಗಿಡವೂ ಅದರದೇ ನೆಂಟ ಅಂತ ಯಾರಿಗೆ ಹೊಳೆಯುತ್ತದೆ ಹೇಳಿ? ಕ್ಯಾಕ್ಟಸ್ ಆದರೆ ಮುಳ್ಳಿನ ಬುಡದಲ್ಲಿ ಹತ್ತಿಯಂಥ ಪುಟ್ಟ ಚುಕ್ಕೆ ಇರುತ್ತದೆ. ಇದರಲ್ಲಿ ಅದಿಲ್ಲ.

ಬದಲಿಸಲೇಬೇಕಾದರೆ ಪ್ಲಾಸ್ಟಿಕ್ ಗಾಗಲ್ಸ್ ಹಾಕಿ. ಬಟ್ಟೆ ಗ್ಲೌಸ್ ಬೇಡ, ಹಾಲು ಕುಡಿಯುತ್ತದೆ. ಒಳಗೆ ರಬ್ಬರ್, ಮೇಲೆ ದಪ್ಪ ಚರ್ಮದ್ದು ಇರಲಿ. ಗೋಣಿ ಬದಲು ಪೇಪರ್ ಮಡಚಿ ಪಟ್ಟಿ ಮಾಡಿ ಹಿಡಿಯಿರಿ, ಆಮೇಲೆ ಬಿಸಾಕಿ. ನಮ್ಮೂರಿನಲ್ಲಂತೂ ಬೆಳಗ್ಗೆ ತಂಪು ಹೊತ್ತಿನಲ್ಲೇ ಮಾಡಿ, ಹಣೆಗೆ ಟವೆಲ್ ಕಟ್ಟಿಕೊಳ್ಳಿ. ಬೇರು ಮುರಿದರೂ ಹಾಲು ಬರುತ್ತದೆ, ಮರೆಯಬೇಡಿ. ಹೊಸ ಕುಂಡಕ್ಕೆ ಬರೀ ಎರೆಮಣ್ಣು ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಕೆಂಪು ಮಣ್ಣಿಗೆ ದಪ್ಪ ಮರಳು ಬೆರೆಸಿ, ಒಂದು ವಾರ ನೀರು ಹಾಕಬೇಡಿ.

ಹಾಲು ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಮೊದಲು ಕೈಯನ್ನು ಸೋಪಿನಿಂದ ತೊಳೆದು, ನಲ್ಲಿ ನೀರು 15-20 ನಿಮಿಷ ಕಣ್ಣಿನ ಮೇಲೆ ಹರಿಯಲಿ. ಲೆನ್ಸ್ ಇದ್ದರೆ ತೆಗೆಯಿರಿ. ಉರಿ ಕಡಿಮೆ ಆದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಗಿಡದ ಫೋಟೋ ತೋರಿಸಿ.

ಆ ನರ್ಸರಿಯವನನ್ನು ಕೇಳಿದ್ದಕ್ಕೆ, "ಮುಳ್ಳಿನ ಗಿಡ ಅಂತ ನೋಡೇ ತಗೊಂಡೀರಲ್ರೀ" ಅಂದ. ಈಗಲೂ ಅವನ ಅಂಗಡಿಯಲ್ಲಿ ಅದರ ಮೇಲೆ ಕ್ಯಾಕ್ಟಸ್ ಅಂತಲೇ ಚೀಟಿ. ಕೊಳ್ಳುವ ಮುಂಚೆ, ಕೈಗೆ ತಾಗದಂಗೆ ಅವನಿಂದಲೇ ಒಂದು ಎಲೆ ಕೀಳಿಸಿ ಹಾಲು ಬರುತ್ತದಾ ನೋಡಿ. ಗೊಣಗಿದರೆ ಗೊಣಗಲಿ.