ಮೂರು ವರ್ಷ ಕೂಪನ್ ಹಿಡಿದು ದಿನಸಿ ತಂದಿದ್ದೇನೆ: ನನ್ನ ಅನುಭವ

ನಾವಿರುವುದು ಅಮೆರಿಕದ ಒಹಾಯೋದಲ್ಲಿ, ಕೊಲಂಬಸ್ ಹತ್ತಿರ. ಇಬ್ಬರು ಮಕ್ಕಳು, ಒಂದೇ ಸಂಬಳ. ಮೂರು ವರ್ಷದಿಂದ ಕೂಪನ್, ಅಂದರೆ ಬೆಲೆ ಕಡಿಮೆ ಮಾಡುವ ರಿಯಾಯಿತಿ ಚೀಟಿ, ಹಿಡಿದೇ ಅಂಗಡಿಗೆ ಹೋಗುತ್ತಿದ್ದೇನೆ. ಭಾನುವಾರದ ಪೇಪರಿನಲ್ಲಿ ಬರುವ ಕೂಪನ್, ಅಂಗಡಿಯ ಆ್ಯಪಿನ ಕೂಪನ್, ಎರಡನ್ನೂ ಬಳಸಿದ್ದೇನೆ.

ಇದನ್ನು ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಎಂಬತ್ತರ ಹತ್ತಿರ ವಯಸ್ಸು. ಎರಡನೇ ಮಗು ಹುಟ್ಟಿದಾಗ ನೋಡಲು ಬಂದವರು ಕೈಗೆ ಒಂದು ಲಕೋಟೆ ಇಟ್ಟರು. ಬಿಚ್ಚಿದರೆ ಡೈಪರ್ ಕೂಪನ್‌ಗಳು. ಅಂಚು ನೀಟಾಗಿ ಕತ್ತರಿಸಿ, ಯಾವುದರ ತಾರೀಖು ಮೊದಲು ಮುಗಿಯುತ್ತದೋ ಅದನ್ನು ಮೇಲೆ ಇಟ್ಟಿದ್ದರು.

ಮೊದಲ ಒಂದೆರಡು ತಿಂಗಳು ನನಗೆ ಬಹಳ ಸಂಕೋಚವಾಗುತ್ತಿತ್ತು. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಅಮ್ಮನ ಜೊತೆ ಸೊಪ್ಪಿಗೂ ಚೌಕಾಸಿ ಮಾಡಿ ಬೆಳೆದವಳು ನಾನು. ಆದರೆ ಇಲ್ಲಿ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಚೀಟಿ ಚಾಚಲು ಕೈ ಮುಂದೆ ಬರುತ್ತಿರಲಿಲ್ಲ. ಅಂಗಡಿಯವರ ದುಡ್ಡು ಕಿತ್ತುಕೊಂಡ ಹಾಗೆ ಅನಿಸುತ್ತಿತ್ತು. ಅಜ್ಜಿ ಒಂದು ಕೂಪನ್ ತಿರುಗಿಸಿ, ಕೆಳಗಿನ ಸಣ್ಣ ಅಕ್ಷರ ಓದಿಸಿದರು. ಸಾಮಾನು ತಯಾರಿಸಿದ ಕಂಪನಿ ಕೂಪನ್ನಿನ ಪೂರ್ತಿ ದುಡ್ಡನ್ನು ಅಂಗಡಿಗೆ ವಾಪಸ್ ಕೊಡುತ್ತದೆ, ಅದರ ಮೇಲೆ ಒಂದೊಂದು ಕೂಪನ್ನಿಗೆ 8 ಸೆಂಟ್ ಬೇರೆ ಕೊಡುತ್ತದೆ. ಅಂಗಡಿಗೆ ಒಂದು ಪೈಸೆ ನಷ್ಟ ಇಲ್ಲ. ಅವತ್ತಿಗೆ ನನ್ನ ಸಂಕೋಚ ಹೋಯಿತು.

ಈ ಮೂರು ವರ್ಷದಲ್ಲಿ ನನಗೆ ತುಂಬಾ ಇಷ್ಟವಾದದ್ದು ಭಾನುವಾರದ ಬೆಳಗ್ಗೆ. ಮಕ್ಕಳು ಏಳುವ ಮೊದಲು ಒಂದು ಲೋಟ ಫಿಲ್ಟರ್ ಕಾಫಿ ಮಾಡಿಕೊಂಡು ಅಡುಗೆಮನೆ ಮೇಜಿನ ಮುಂದೆ ಕೂರುತ್ತೇನೆ. ಪೇಪರಿನೊಳಗಿನ ಬಣ್ಣಬಣ್ಣದ ಹಾಳೆ ತೆಗೆದು ಮೊದಲು ಸುಮ್ನೆ ಒಂದು ಸಲ ನೋಡುತ್ತೇನೆ, ಕತ್ತರಿ ಮುಟ್ಟುವುದಿಲ್ಲ. ಎರಡನೇ ಸಲ ನೋಡುವಾಗ ಮನೆಗೆ ನಿಜವಾಗಿ ಬೇಕಾದ್ದಕ್ಕೆ ಮಾತ್ರ ಪೆನ್ಸಿಲ್ ಗುರುತು. ಕತ್ತರಿಸುವುದು ಆಮೇಲೆ. ಮಗಳು ಎದ್ದು ಬಂದರೆ ತಾರೀಖು ಓದುವುದು ಅವಳ ಕೆಲಸ. ಈ ತಿಂಗಳು ಮುಗಿಯುವುದು ಲಕೋಟೆಯ ಮುಂದೆ, ಮುಂದಿನ ತಿಂಗಳದ್ದು ಹಿಂದೆ. ಅವಳು ತಿಂಗಳುಗಳ ಹೆಸರು ಕಲಿತದ್ದೇ ಹೀಗೆ.

ಲಕೋಟೆ ಜೊತೆಗೊಂದು ನೋಟ್‌ಬುಕ್ ಇದೆ. ನಾವು ಯಾವಾಗಲೂ ಕೊಳ್ಳುವ ಇಪ್ಪತ್ತೈದು ಸಾಮಾನಿನ ಬೆಲೆ ಅದರಲ್ಲಿ ಬರೆದಿಡುತ್ತೇನೆ. ಇದಿಲ್ಲದಿದ್ದರೆ ಕೂಪನ್ ಇದ್ದೂ ಉಪಯೋಗವಿಲ್ಲ. ಒಂದು ಡಾಲರ್ ಕಡಿಮೆ ಎಂದು ತಂದ ಓಟ್ಸ್, ಆಲ್ಡಿ ಅನ್ನುವ ಅಗ್ಗದ ಅಂಗಡಿಯಲ್ಲಿ ಕೂಪನ್ನೇ ಇಲ್ಲದೆ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಆಲ್ಡಿಯವರು ಕಂಪನಿಗಳ ಕೂಪನ್ ತೆಗೆದುಕೊಳ್ಳುವುದೇ ಇಲ್ಲ. ಕಾಸ್ಟ್‌ಕೋ ಅನ್ನುವ ದೊಡ್ಡ ಅಂಗಡಿಯಲ್ಲೂ ಹಾಗೇ.

ನಿಜವಾದ ಉಳಿತಾಯ ಇರುವುದು ಕಂಪನಿ ಕೂಪನ್ ಮತ್ತು ಅಂಗಡಿ ಕೂಪನ್ ಎರಡನ್ನೂ ಒಂದೇ ಸಾಮಾನಿಗೆ ಹಾಕುವುದರಲ್ಲಿ. ಎಷ್ಟೋ ಅಂಗಡಿಗಳಲ್ಲಿ ಇದಕ್ಕೆ ಅಡ್ಡಿಯಿಲ್ಲ. ನನ್ನದೇ ಒಂದು ಬಿಲ್ ಹೇಳುತ್ತೇನೆ. ಟೂತ್‌ಪೇಸ್ಟ್ 3.49 ಡಾಲರ್. ಆ ವಾರದ ಸೇಲ್‌ನಲ್ಲಿ 2.50. ಕಂಪನಿ ಕೂಪನ್ 1 ಡಾಲರ್, ಅಂಗಡಿಯದ್ದು 50 ಸೆಂಟ್. ಕೈಯಿಂದ ಹೋದದ್ದು 1 ಡಾಲರ್. ಕೂಪನ್ ಸಿಕ್ಕಿದ ದಿನವೇ ಓಡಬಾರದು, ಸೇಲ್ ಬರುವ ತನಕ ಕಾಯಬೇಕು. ಸೇಲ್ ಬಂದು ಸಾಮಾನು ಖಾಲಿಯಾಗಿದ್ದರೆ ಬರಿಗೈಯಲ್ಲಿ ಬರಬೇಡಿ. ಕಸ್ಟಮರ್ ಸರ್ವಿಸ್ ಕೌಂಟರಿನಲ್ಲಿ ರೇನ್ ಚೆಕ್ ಕೊಡುತ್ತಾರಾ ಕೇಳಿ. ಆ ಚೀಟಿ ಕೊಟ್ಟರೆ, ಸ್ಟಾಕ್ ಬಂದ ಮೇಲೂ ಸೇಲ್ ಬೆಲೆಗೇ ಸಿಗುತ್ತದೆ.

ಲೆಕ್ಕ ಹೇಳುವುದಾದರೆ ತಿಂಗಳಿಗೆ 60ರಿಂದ 70 ಡಾಲರ್ ಉಳಿಯುತ್ತಿದೆ. ಡೈಪರ್ ಇದ್ದ ದಿನಗಳಲ್ಲಿ ಇನ್ನೂ ಜಾಸ್ತಿ ಉಳಿಯುತ್ತಿತ್ತು. ಸಾಬೂನು, ಬಟ್ಟೆ ತೊಳೆಯುವ ಪೌಡರ್, ಶ್ಯಾಂಪೂ, ಮಕ್ಕಳ ಸಾಮಾನು, ಮೊಸರು, ಓಟ್ಸ್, ಉಳಿತಾಯವೆಲ್ಲ ಇಷ್ಟರಲ್ಲೇ.

ನಮ್ಮ ಊಟದ ಸಾಮಾನಿಗೆ ಮಾತ್ರ ಕೂಪನ್ ಇಲ್ಲ. ತೊಗರಿಬೇಳೆ, ಸೋನಾ ಮಸೂರಿ, ರಾಗಿ ಹಿಟ್ಟು, ಹುಣಸೆಹಣ್ಣು, ಇವಕ್ಕೆಲ್ಲ ಮೂರು ವರ್ಷದಲ್ಲಿ ಒಂದೂ ನೋಡಿಲ್ಲ. ನಾವು ಹೋಗುವ ಇಂಡಿಯನ್ ಸ್ಟೋರಿನಲ್ಲಿ ಕೂಪನ್ ನಡೆಯುವುದೇ ಇಲ್ಲ. ಹಬ್ಬದ ಹೊತ್ತಿಗೆ ಅಕ್ಕಿ ಮೂಟೆ ಅಗ್ಗವಾದಾಗ ಎರಡು ತಂದಿಡುತ್ತೇನೆ, ಅಷ್ಟೇ. ತರಕಾರಿಗೂ ಕೂಪನ್ ಅಪರೂಪ. ದೊಡ್ಡ ಕಂಪನಿಗಳು ಡಬ್ಬದಲ್ಲಿ ತುಂಬಿ ಮಾರುವ ತಿಂಡಿಗೇ ಕೂಪನ್ ಜಾಸ್ತಿ. ನೂರು ವರ್ಷಕ್ಕೂ ಹಿಂದೆ ಸಿ. ಡಬ್ಲ್ಯು. ಪೋಸ್ಟ್ ಅನ್ನುವ ತಿಂಡಿ ಕಂಪನಿಯ ಮಾಲೀಕ 1 ಸೆಂಟಿನ ಕೂಪನ್ ಕೊಟ್ಟದ್ದು ಗ್ರೇಪ್-ನಟ್ಸ್ ಅನ್ನುವ ಬೆಳಗಿನ ತಿಂಡಿಗೆ. ಇವತ್ತಿಗೂ ಹಾಳೆಯಲ್ಲಿ ಅಂಥ ಡಬ್ಬಗಳೇ ತುಂಬಿರುತ್ತವೆ. ಮೊದಲ ವರ್ಷ ಅಗ್ಗ ಎಂದು ಸಕ್ಕರೆ ಹಾಕಿದ ಸೀರಿಯಲ್ ತಂದೆ. ಮಕ್ಕಳು ಅವಲಕ್ಕಿ ಬೇಡ ಅನ್ನಲು ಶುರುಮಾಡಿದರು. ಆಮೇಲೆ ಆ ಪುಟ ತೆರೆಯುವುದನ್ನೇ ಬಿಟ್ಟೆ.

ಇಲ್ಲಿಯವರೆಗೆ ಬರೆದದ್ದನ್ನು ಎರಡು ವರ್ಷದ ಹಿಂದೆ ಬರೆದಿದ್ದರೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಆಗುವುದಿಲ್ಲ. ಭಾನುವಾರದ ಹಾಳೆ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಕೆಲವು ವಾರ ಬರುವುದೇ ಇಲ್ಲ. ಒಳ್ಳೆ ರಿಯಾಯಿತಿ ಎಲ್ಲ ಆ್ಯಪಿಗೆ ಹೋಗಿದೆ. ಫೋನಿನಲ್ಲಿ ಒಂದೊಂದೇ ಕೂಪನ್ ಹುಡುಕಿ ‘ಕ್ಲಿಪ್’ ಒತ್ತಿದರೆ ಮಾತ್ರ ಆ ಬೆಲೆ, ಇಲ್ಲದಿದ್ದರೆ ಪೂರ್ತಿ ಬೆಲೆ. ಒತ್ತಿದ್ದೂ ಒಂದೊಂದು ಸಲ ಬಿಲ್ಲಿಗೆ ಬರುವುದಿಲ್ಲ. ಆಗ ಮಗುವನ್ನು ಎತ್ತಿಕೊಂಡು ಕೌಂಟರಿನಲ್ಲಿ ನಿಲ್ಲಬೇಕು.

ನನಗೇನೋ ಫೋನ್ ಇದೆ, ಅಭ್ಯಾಸವೂ ಆಗಿದೆ. ಅಜ್ಜಿ ಹತ್ತಿರ ಇರುವುದು ಮಡಚುವ ಹಳೇ ಫೋನ್.

ಕಳೆದ ಬೇಸಿಗೆಯಲ್ಲಿ ಅವರನ್ನು ನಮ್ಮ ಕಾರಿನಲ್ಲೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ದ್ರಾಕ್ಷಿ ಮೇಲೆ ದೊಡ್ಡ ಹಳದಿ ಚೀಟಿ: ಪೌಂಡಿಗೆ 1.49. ಅಜ್ಜಿ ಎರಡು ಚೀಲ ಆರಿಸಿ ಗಾಡಿಗೆ ಇಟ್ಟರು. ಬಿಲ್ ಮಾಡುವಾಗ ಪೌಂಡಿಗೆ 2.99 ಬಂತು. ಚೀಟಿಯ ಕೆಳಗೆ ಸಣ್ಣದಾಗಿ ‘ಡಿಜಿಟಲ್ ಕೂಪನ್ ಇದ್ದರೆ’ ಎಂದು ಬರೆದಿತ್ತಂತೆ. ಕನ್ನಡಕ ಹಾಕಿದ್ದ ನನಗೂ ಅದು ಕಂಡಿರಲಿಲ್ಲ. ಅಜ್ಜಿ ಏನೂ ಮಾತಾಡಲಿಲ್ಲ. ಒಂದು ಚೀಲ ಎತ್ತಿ ಪಕ್ಕಕ್ಕೆ ಸರಿಸಿದರು. ಪರ್ಸಿನಿಂದ ಚಿಲ್ಲರೆ ಎಣಿಸಿ ಕೊಟ್ಟರು. ದಾರಿಯುದ್ದಕ್ಕೂ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ನನಗೆ ಕೂಪನ್ ಕಲಿಸಿದವರು ಅವರು. ಸಣ್ಣ ಅಕ್ಷರ ಓದು ಎಂದು ಹೇಳಿಕೊಟ್ಟವರೂ ಅವರೇ. ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ ಅನ್ನುವುದಕ್ಕೆ ಅವರಿಗೆ ಎರಡರಷ್ಟು ಬೆಲೆ. ಕಡಿಮೆ ಬೆಲೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗದ ಹಾಗೆ ಮಾಡಿದ್ದಾರೆ. ಇದು ಅನ್ಯಾಯ ಅಲ್ವಾ? ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರ 2025ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿದೆ. ಆ್ಯಪಿನಲ್ಲಿ ಕೊಡುವ ರಿಯಾಯಿತಿಯನ್ನು ಪೇಪರಿನ ಮೇಲೂ ಕೊಡಬೇಕು. ನಮ್ಮ ಊರಿಗೂ ಅಂಥದ್ದು ಬೇಕು. ನಮ್ಮ ಅಂಗಡಿಯ ಮ್ಯಾನೇಜರಿಗೆ ಎರಡು ಸಲ ಬರೆದೆ. ಒಂದು ಸಲ ಉತ್ತರ ಬಂತು, ಆ್ಯಪ್ ಡೌನ್‌ಲೋಡ್ ಮಾಡುವುದು ಹೇಗೆ ಎಂದು ತಿಳಿಸಿ.

ನನ್ನ ಅಂಕ: ಪೇಪರ್ ಕೂಪನ್ನಿಗೆ 5ರಲ್ಲಿ 4.5, ಆ್ಯಪಿಗೆ 2. ಮನೆಯಲ್ಲಿ ಡೈಪರ್ ಹಾಕುವ ಮಗು ಇದ್ದರೆ ಇವತ್ತೇ ಶುರುಮಾಡಿ. ಇಬ್ಬರೇ ಇದ್ದು, ಮನೆ ಅಡುಗೆಯೇ ಜಾಸ್ತಿಯಾದರೆ ಬೆಲೆ ಬರೆದಿಡುವ ನೋಟ್‌ಬುಕ್ ಸಾಕು, ಪೇಪರಿಗೆ ಕೊಡುವ ದುಡ್ಡೂ ಹುಟ್ಟುವುದು ಕಷ್ಟ.

ಅಜ್ಜಿಯ ಹೆಸರಲ್ಲಿ ಅಂಗಡಿಯ ಖಾತೆಯೊಂದನ್ನು ನಾನೇ ಮಾಡಿಕೊಟ್ಟೆ. ಕೌಂಟರಿನಲ್ಲಿ ಮನೆಯ ಫೋನ್ ನಂಬರ್ ಒತ್ತಿದರೆ ಸಾಕು, ಕ್ಲಿಪ್ ಮಾಡಿದ್ದೆಲ್ಲ ಬಿಲ್ಲಿಗೆ ಬರುತ್ತದೆ. ನಮ್ಮ ಅಂಗಡಿಯ ಸೇಲ್ ಬುಧವಾರ ಬದಲಾಗುತ್ತದೆ. ಅವತ್ತು ಸಂಜೆ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಅವರು ತಮ್ಮ ಪಟ್ಟಿ ಓದುತ್ತಾರೆ, ನಾನು ಒತ್ತುತ್ತೇನೆ. ಯಾವುದಕ್ಕೆ ಎಷ್ಟು ಕಡಿಮೆ, ಯಾವ ತಾರೀಖಿನ ತನಕ ಎಂದು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅವರ ಲಕೋಟೆಗೆ ಹಾಕಿ ಬರುತ್ತೇನೆ.